ಸ್ಕ್ರೀನ್‌ಶಾಟ್ ಎಂಬ ಕನ್ನಡಿಯೊಳಗಿನ ಗಂಟು

"ಸರ್, ನನ್ನ ಹತ್ರ ಎಲ್ಲದಕ್ಕೂ ಸ್ಕ್ರೀನ್‌ಶಾಟ್ ಇದೆ."

ಗಾಂಧಿನಗರದ ನನ್ನ ಆಫೀಸಿಗೆ ಮೂರು ಮಹಡಿ ಹತ್ತಿ ಬರಬೇಕು. ಲಿಫ್ಟ್ ಇದೆ, ನಡೆಯುವುದಿಲ್ಲ. ಏದುಸಿರು ಬಿಡುತ್ತಾ ಬಂದು ಕೂತವರು ನೀರು ಕುಡಿಯುವ ಮೊದಲೇ ಹೇಳುವ ಮಾತು ಇದು. ಹೇಳಿ ಆರಾಮಾಗಿ ಕುರ್ಚಿಗೆ ಒರಗುತ್ತಾರೆ. ಕೇಸು ಗೆದ್ದಾಯಿತು, ಫೀಸು ಎಷ್ಟು ಅನ್ನುವುದಷ್ಟೇ ಬಾಕಿ ಅನ್ನುವ ಹಾಗೆ.

"ಸಂತೋಷ. ಒರಿಜಿನಲ್ ಎಲ್ಲಿದೆ?" ಅನ್ನುತ್ತೇನೆ.

"ಇದೇ ಅಲ್ವಾ ಸರ್ ಒರಿಜಿನಲ್? ಕಲರ್ ಪ್ರಿಂಟೇ ತೆಗೆಸಿದ್ದೀನಿ."

ಕಲರ್ ಪ್ರಿಂಟ್! ಲ್ಯಾಮಿನೇಷನ್ ಮಾಡಿಸಿಕೊಂಡು ಬಂದವರೂ ಇದ್ದಾರೆ. ಒಬ್ಬರಂತೂ ಸ್ಪೈರಲ್ ಬೈಂಡಿಂಗ್ ಮಾಡಿಸಿ, ಮೇಲೆ "ಸಾಕ್ಷಿ, ಭಾಗ 1" ಅಂತ ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಭಾಗ 2 ಕೂಡ ಇತ್ತು. ಆ ಮೆಸೇಜುಗಳಿದ್ದ ಫೋನು ಮಾತ್ರ ಇರಲಿಲ್ಲ.

ವಕೀಲಿಕೆ ಶುರು ಮಾಡಿ ಹದಿನೇಳು ವರ್ಷವಾಯಿತು. ಅದರಲ್ಲಿ ಕಡೆಯ ಹತ್ತು ವರ್ಷ ಈ ಒಂದೇ ಮಾತನ್ನು ಹೇಳಿ ಹೇಳಿ ಗಂಟಲು ಒಣಗಿದೆ. ಸ್ಕ್ರೀನ್‌ಶಾಟ್ ಅನ್ನುವುದು ಮೆಸೇಜಲ್ಲ. ಮೆಸೇಜಿನ ಫೋಟೋ. ನಿಮ್ಮ ಮನೆ ಪತ್ರವನ್ನು ಮೊಬೈಲಲ್ಲಿ ಫೋಟೋ ತೆಗೆದು, ಪತ್ರವನ್ನು ಒಲೆಗೆ ಹಾಕುತ್ತೀರಾ? ಇಲ್ಲ. ಬೀರುವಿನಲ್ಲಿ, ರೇಷ್ಮೆ ಸೀರೆಯ ಕೆಳಗೆ ಇಡುತ್ತೀರಿ. ಆದರೆ ಹತ್ತು ಲಕ್ಷದ ವ್ಯವಹಾರವೆಲ್ಲ ನಡೆದ ವಾಟ್ಸಾಪ್ ಚಾಟನ್ನು "ಸ್ಟೋರೇಜ್ ಫುಲ್ ಅಂತ ತೋರಿಸ್ತಿತ್ತು ಸರ್" ಅಂತ ಅಳಿಸಿಬಿಡುತ್ತೀರಿ.

ಒಪ್ಪದವರಿಗೆ ನಾನೊಂದು ಸಣ್ಣ ಆಟ ತೋರಿಸುತ್ತೇನೆ. ಅವರ ಕೈಯಿಂದಲೇ ನನಗೊಂದು ಮೆಸೇಜು ಹಾಕಿಸುತ್ತೇನೆ. "ಸರಿ ಸರ್" ಅಂತಲೋ ಏನೋ. ಅದನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆಯುತ್ತೇನೆ. ಪರದೆ ಮೇಲೆ ಕಾಣುವ ಅಕ್ಷರಗಳನ್ನು ಬದಲಾಯಿಸುತ್ತೇನೆ. ಇದಕ್ಕೆ ಹ್ಯಾಕರ್ ಆಗಬೇಕಿಲ್ಲ, ಹೈಸ್ಕೂಲು ಹುಡುಗರಿಗೂ ಗೊತ್ತು. ಒಂದು ನಿಮಿಷದಲ್ಲಿ ಸ್ಕ್ರೀನ್‌ಶಾಟ್ ರೆಡಿ. ಅವರ ಹೆಸರು, ಅವರ ಡಿಪಿ, ಸರಿಯಾದ ಟೈಮು. ಕೆಳಗೆ: "ಸರ್, ಮುಂದಿನ ವಾರ ನಿಮಗೆ 10 ಲಕ್ಷ ಫೀಸು ಕೊಡ್ತೀನಿ."

"ಅಯ್ಯೋ, ಇದು ನಾನು ಹಾಕಿದ್ದಲ್ಲ!"

"ಹೌದಾ? ನನ್ನ ಹತ್ರ ಸ್ಕ್ರೀನ್‌ಶಾಟ್ ಇದೆಯಲ್ಲಾ."

ಹೆಚ್ಚಿನವರು ನಗುತ್ತಾರೆ. ಒಬ್ಬರು ಮಾತ್ರ ನಿಜವಾಗಿಯೂ ಹೆದರಿ, ಅದನ್ನು ಡಿಲೀಟ್ ಮಾಡುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.

ಹೀಗಿದ್ದೂ ಜನ ಚಿತ್ರ ಕಂಡ ಕೂಡಲೇ ನಂಬುತ್ತಾರೆ. 2012ರ ಆಗಸ್ಟ್ ನೆನಪಿದೆಯಾ? ತಮ್ಮ ಮೇಲೆ ಹಲ್ಲೆ ಆಗುತ್ತದೆ ಅನ್ನುವ ಎಸ್ಸೆಮ್ಮೆಸ್ಸು, ಗಾಳಿಸುದ್ದಿ ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಒಂದೆರಡು ದಿನದಲ್ಲಿ ಬೆಂಗಳೂರು ಬಿಟ್ಟು ಹೊರಟರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಟ್ಟೊಟ್ಟಿಗೆ ಎಸ್ಸೆಮ್ಮೆಸ್ ಕಳಿಸುವುದನ್ನು ಸರ್ಕಾರ 15 ದಿನ ತಡೆಯಿತು. ನಾನಾಗ ಹೊಸ ವಕೀಲ. ರೈಲ್ವೆ ಸ್ಟೇಷನ್ನಿನ ಮುಂದೆ ಬ್ಯಾಗು ಹೊತ್ತು ನಿಂತ ಹುಡುಗ ಹುಡುಗಿಯರ ಮುಖ ಇವತ್ತಿಗೂ ಕಣ್ಣ ಮುಂದಿದೆ. ಬರೀ ಅಕ್ಷರಕ್ಕೇ ಅಷ್ಟು ಬಲ ಇತ್ತು. ಈಗ ಟಿವಿ ಚಾನೆಲ್ಲಿನ ಬ್ರೇಕಿಂಗ್ ಪಟ್ಟಿ ಸಮೇತ ಚಿತ್ರ ಬರುತ್ತದೆ. ಮಳೆಗಾಲ ಬಂದರೆ ಸಾಕು, ಡಿಸಿ ರಜೆ ಕೊಟ್ಟರು ಅನ್ನುವ ಹಳೇ ಆದೇಶಕ್ಕೆ ಹೊಸ ತಾರೀಖು ಅಂಟಿಸಿ ಯಾರೋ ತೇಲಿಬಿಡುತ್ತಾರೆ. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಅದನ್ನು ಮೊದಲು ಹಾಕುವವರು ಮಕ್ಕಳಲ್ಲ, ಅಪ್ಪಂದಿರು.

ಸರಿ, ಕೋರ್ಟಿಗೆ ಬರೋಣ. 1872ರ ಸಾಕ್ಷ್ಯ ಕಾಯ್ದೆಗೆ ಕಂಪ್ಯೂಟರ್ ಗೊತ್ತಿರಲಿಲ್ಲ. 2000ನೇ ಇಸವಿಯ ಐಟಿ ಕಾಯ್ದೆಯ ಮೂಲಕ ಅದರೊಳಗೆ 65ಬಿ ಅನ್ನುವ ಸೆಕ್ಷನ್ ಬಂತು. ಈಗ ಆ ಹಳೇ ಕಾಯ್ದೆಯೇ ಇಲ್ಲ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ, ಅದರ 63ನೇ ಸೆಕ್ಷನ್ ಈ ಕೆಲಸ ಮಾಡುತ್ತದೆ. ಎರಡರದ್ದೂ ತಿರುಳು ಒಂದೇ. ಎಲೆಕ್ಟ್ರಾನಿಕ್ ದಾಖಲೆಯ ನಕಲು ತರುತ್ತೀರಾ, ತನ್ನಿ. ಅದು ಯಾವ ಯಂತ್ರದಿಂದ ಬಂತು, ಆ ಯಂತ್ರ ಯಾರ ಕೈಯಲ್ಲಿತ್ತು, ಸರಿಯಾಗಿ ಕೆಲಸ ಮಾಡುತ್ತಿತ್ತಾ ಅಂತ ಒಂದು ಸರ್ಟಿಫಿಕೇಟ್ ಜೊತೆಗಿರಲಿ. ಹೊಸ ಕಾಯ್ದೆಯಲ್ಲಿ ಈ ಸರ್ಟಿಫಿಕೇಟಿಗೆ ಎರಡು ಭಾಗ. ಮೊದಲನೆಯದು ದಾಖಲೆ ತರುವವರದ್ದು, ಎರಡನೆಯದು ಪರಿಣತರದ್ದು. ಪ್ರತಿ ಫೋನಿಗೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ, ಅಂದರೆ ಐಎಂಇಐ ನಂಬರಿನಂಥ ವಿವರ ಬರೆಯಬೇಕು. ಹ್ಯಾಷ್ ವ್ಯಾಲ್ಯೂ ಅನ್ನುವುದನ್ನೂ ಬರೆಯಬೇಕು.

ಹ್ಯಾಷ್ ಅಂದರೆ ಕಕ್ಷಿದಾರರು ಗಾಬರಿಯಾಗುತ್ತಾರೆ. ಹಳೇ ಕಾಲದ ಅರಗಿನ ಮುದ್ರೆ ಅಂದುಕೊಳ್ಳಿ. ಫೈಲನ್ನು ಒಂದು ಲೆಕ್ಕದ ಯಂತ್ರಕ್ಕೆ ಕೊಟ್ಟರೆ ಉದ್ದನೆಯ ಒಂದು ಸಂಖ್ಯೆ ಬರುತ್ತದೆ. ಎಸ್‌ಎಚ್‌ಎ-256 ಅನ್ನುವ ಲೆಕ್ಕದಲ್ಲಾದರೆ 64 ಅಕ್ಷರದ್ದು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಪೂರ್ತಿ ಸಂಖ್ಯೆಯೇ ಬೇರೆ ಆಗುತ್ತದೆ. ಅರಗು ಒಡೆದಿದೆ ಅಂತ ಗೊತ್ತಾಗಿಬಿಡುತ್ತದೆ. ಆದರೆ ಒಂದು ವಿಷಯ: ಸುಳ್ಳು ಸ್ಕ್ರೀನ್‌ಶಾಟಿಗೂ ಹ್ಯಾಷ್ ಬರುತ್ತದೆ! ಖಾಲಿ ಲಕೋಟೆಗೂ ಅರಗು ಹಾಕಬಹುದಲ್ಲ. ಫೋನೇ ಇಲ್ಲದಿದ್ದರೆ ಯಾವುದರ ಬಗ್ಗೆ ಸರ್ಟಿಫಿಕೇಟ್ ಬರೆಯುವುದು? ಎಸ್‌ಪಿ ರೋಡಿನ ಯಾವುದೋ ಅಂಗಡಿಗೆ ಮಾರಿದ ಫೋನಿನ ಬಗ್ಗೆ "ಇದು ನನ್ನ ಸುಪರ್ದಿಯಲ್ಲಿದೆ" ಅಂತ ಸಹಿ ಹಾಕಿಸಲಾ?

ಇದೆಲ್ಲ ನಾನು ಹೇಳುತ್ತಿರುವ ಹೊಸ ಮಾತಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಕೇರಳದ ಒಂದು ಚುನಾವಣೆ ತಕರಾರು ಬಂತು. ಅನ್ವರ್ ಮತ್ತು ಬಶೀರ್ ಕೇಸು ಅಂತ ವಕೀಲರೆಲ್ಲರಿಗೂ ಬಾಯಿಪಾಠ. ಪ್ರಚಾರದ ಹಾಡು, ಭಾಷಣ ರೆಕಾರ್ಡ್ ಮಾಡಿ, ಕಂಪ್ಯೂಟರಿಗೆ ಹಾಕಿ, ಸಿ.ಡಿ. ಬರೆದು ತಂದಿದ್ದರು. ಸರ್ಟಿಫಿಕೇಟ್ ಇರಲಿಲ್ಲ. ಸಿ.ಡಿ.ಗಳು ಸಾಕ್ಷಿಯಾಗಿ ನಿಲ್ಲಲಿಲ್ಲ. 2020ರಲ್ಲಿ ಮಹಾರಾಷ್ಟ್ರದ ಖೋತ್ಕರ್ ಕೇಸಿನಲ್ಲಿ ಕೋರ್ಟು ಅದನ್ನೇ ಗಟ್ಟಿ ಮಾಡಿತು. ಜೊತೆಗೆ ಒಂದು ಮಾತು ಸೇರಿಸಿತು. ಲ್ಯಾಪ್‌ಟಾಪ್, ಮೊಬೈಲಿನ ಮಾಲೀಕರೇ ಆ ಮೂಲ ಯಂತ್ರ ಹಿಡಿದು ಸಾಕ್ಷಿ ಕಟ್ಟೆಗೆ ಬಂದು, ಇದು ನನ್ನದು, ನಾನೇ ಬಳಸುವುದು ಅಂತ ರುಜುವಾತು ಮಾಡಿದರೆ ಸರ್ಟಿಫಿಕೇಟ್ ಬೇಕಾಗಿಲ್ಲ. ಎರಡೂ ತೀರ್ಪು ಹಳೇ ಕಾಯ್ದೆಯ ಕಾಲದವು, ಹೊಸದರಲ್ಲಿ ಪದಗಳು ಸ್ವಲ್ಪ ಬದಲಾಗಿವೆ. ಆದ್ದರಿಂದ ನಿಮ್ಮ ಕೇಸಿಗೆ ಯಾವುದು ಹೊಂದುತ್ತದೆ ಅಂತ ನಿಮ್ಮ ವಕೀಲರನ್ನೇ ಕೇಳಿ. ಆದರೂ ಸುಪ್ರೀಂ ಕೋರ್ಟ್ ಬೊಟ್ಟು ಮಾಡಿ ತೋರಿಸುತ್ತಿರುವುದು ಎಲ್ಲಿಗೆ ಅಂತ ಗಮನಿಸಿ. ನಿಮ್ಮ ಜೇಬಿನಲ್ಲಿರುವ ಫೋನಿನ ಕಡೆಗೆ.

"ಹೋಗಲಿ ಬಿಡಿ ಸರ್, ಕೋರ್ಟಿಂದ ಆರ್ಡರ್ ಮಾಡ್ಸಿ, ವಾಟ್ಸಾಪ್ ಕಂಪನಿಯವರ ಹತ್ರಾನೇ ತರಿಸೋಣ" ಅನ್ನುವವರು ಇನ್ನೊಂದು ಗುಂಪು. ಮೆಸೇಜು ತಲುಪಿದ ಮೇಲೆ ಅದರ ಒಳಗಿನ ಮಾತು ಸಾಮಾನ್ಯವಾಗಿ ಅವರ ಸರ್ವರಿನಲ್ಲಿ ಉಳಿಯುವುದೇ ಇಲ್ಲ. ಅದು ಇರುವುದು ಎರಡು ಕಡೆ, ನಿಮ್ಮ ಫೋನು ಮತ್ತು ಎದುರಾಳಿಯ ಫೋನು. ನೀವು ನಿಮ್ಮದನ್ನು ಅಳಿಸಿದಿರಿ. ಅವರು ತಮ್ಮದನ್ನು ತಂದುಕೊಡುತ್ತಾರಾ? (ಇದೇ ಗುಂಪಿನವರು "66ಎ ಹಾಕಿಸಿ ಸರ್" ಅಂತಲೂ ಕೇಳುತ್ತಾರೆ. ಆಕ್ಷೇಪಾರ್ಹ ಮೆಸೇಜು ಕಳಿಸಿದವರಿಗೆ ಶಿಕ್ಷೆ ಕೊಡುತ್ತಿದ್ದ ಐಟಿ ಕಾಯ್ದೆಯ ಆ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲೇ ಹೊಡೆದುಹಾಕಿತು.)

ಕಳೆದ ವರ್ಷ ಬಸವನಗುಡಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಷೇರು ಕಲಿಸುತ್ತೇವೆ ಅನ್ನುವ ಗ್ರೂಪಿಗೆ ಸೇರಿ ಪಿಂಚಣಿಯ ಗಂಟು ಕಳೆದುಕೊಂಡಿದ್ದರು. ಹನ್ನೊಂದು ಸ್ಕ್ರೀನ್‌ಶಾಟ್ ತಂದಿದ್ದರು. ನೀಟಾಗಿ, ಮೇಲೆ ಕೆಳಗೆ ಕತ್ತರಿಸಿದ್ದರು. "ಬೇಡದ್ದು ಯಾಕೆ ಅಂತ ತೆಗೆದೆ" ಅಂದರು. ಅವರು ತೆಗೆದ ಬೇಡದ್ದರಲ್ಲಿ ನಂಬರ್ ಇತ್ತು. ಉಳಿದದ್ದು "ಪ್ರೊಫೆಸರ್" ಅನ್ನುವ ಹೆಸರು, ಅದೂ ಇವರೇ ಸೇವ್ ಮಾಡಿಕೊಂಡಿದ್ದು. ನನ್ನ ಫೋನಿನಲ್ಲಿ ನಾನು ಯಾರ ನಂಬರಿಗೆ ಯಾವ ಹೆಸರು ಬೇಕಾದರೂ ಇಡಬಹುದು. ತಾರೀಖಿನ ಜಾಗದಲ್ಲಿ "ಟುಡೇ" ಅಂತಿತ್ತು. ಯಾವ ಟುಡೇ? ಚಿತ್ರ ತೆಗೆದ ದಿನ ಅದು ಟುಡೇ, ಜಡ್ಜ್ ಓದುವ ದಿನ ಅದಕ್ಕೆ ಅರ್ಥವೇ ಇಲ್ಲ.

"ಗ್ರೂಪ್ ಎಲ್ಲಿ ಮೇಷ್ಟ್ರೇ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮನೆಯವಳು ನೋಡಿಬಿಟ್ಟರೆ ಅಂತ ಅಳಿಸಿದೆ."

ನಾನು ರೇಗಿದೆ. ಆಮೇಲೆ ರಾತ್ರಿಯೆಲ್ಲ ಬೇಜಾರಾಯಿತು. ಮೂವತ್ತು ವರ್ಷ ಹುಡುಗರಿಗೆ ಲೆಕ್ಕ ಹೇಳಿಕೊಟ್ಟ ಮನುಷ್ಯ ಹೆಂಡತಿಗೆ ಆ ಲೆಕ್ಕ ತೋರಿಸಲಾರದೆ ಅಳಿಸಿದ್ದು. ಸೋತವರು ಸಾಕ್ಷಿ ಅಳಿಸುವುದು ಹೆಚ್ಚಾಗಿ ನಾಚಿಕೆಗೆ. ಮೋಸ ಮಾಡುವವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ದುಡ್ಡು ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಭಾವನಿಗಲ್ಲ, ಫ್ರೆಂಡಿಗಲ್ಲ, ನನಗೂ ಅಲ್ಲ. ಹಣ ಇನ್ನೊಂದು ಖಾತೆಗೆ ಹಾರುವ ಮೊದಲು ತಡೆಯುವ ಸಾಧ್ಯತೆ ಇರುವುದು ಮೊದಲ ಕೆಲವು ಗಂಟೆಗಳಲ್ಲೇ. ಮೇಷ್ಟ್ರು ಒಂಬತ್ತನೇ ದಿನ ಬಂದಿದ್ದರು.

ಫಾರ್ವರ್ಡ್ ಮಾಡಿ ಕಾಪಾಡುವವರೂ ಇದ್ದಾರೆ. "ಅಳಿಸೋಕೆ ಮುಂಚೆ ಎಲ್ಲಾ ಮೆಸೇಜೂ ಹೆಂಡತಿ ನಂಬರಿಗೆ ಫಾರ್ವರ್ಡ್ ಮಾಡಿದ್ದೀನಿ." ಆಯಿತು. ಹೆಂಡತಿಯ ಫೋನಿನಲ್ಲಿ ಈಗ ಏನಿದೆ? ನೀವು ಕಳಿಸಿದ ಮೆಸೇಜು. ಕಳಿಸಿದವರು ನೀವು, ಟೈಮು ನೀವು ಒತ್ತಿದ್ದು. ಆ ಮೆಸೇಜನ್ನು ನಿಮಗೆ ಹಾಕಿದವನ ಹೆಸರೇ ಅಲ್ಲಿಲ್ಲ. ಫೋಟೋ ಆದರೆ ಇನ್ನೂ ಕಷ್ಟ. ಮಾಮೂಲಿಯಾಗಿ ಕಳಿಸಿದರೆ ಅದು ಕುಗ್ಗುತ್ತದೆ, ಯಾವ ಕ್ಯಾಮೆರಾ, ಯಾವ ಗಳಿಗೆ ಅನ್ನುವ ಒಳಗಿನ ವಿವರ ಉದುರಿಹೋಗುತ್ತದೆ. ಸಿಸಿಟಿವಿಯ ಪರದೆಯನ್ನು ಮೊಬೈಲಲ್ಲಿ ಶೂಟ್ ಮಾಡಿ ತರುವುದೂ ಇದೇ ಜಾತಿಯದ್ದು. ದೃಶ್ಯ ದಾಖಲಿಸುವ ಡಿವಿಆರ್ ಯಂತ್ರ ಹಳೇ ದೃಶ್ಯದ ಮೇಲೆ ಹೊಸದು ಬರೆದುಕೊಂಡು ಹೋಗುತ್ತಿರುತ್ತದೆ, ಇವರು ನಾಳೆ ಕೇಳಿದರಾಯಿತು ಅನ್ನುತ್ತಿರುತ್ತಾರೆ.

ದಾವಣಗೆರೆಯಿಂದ ಬಂದು ಇಲ್ಲಿ ಕೆಲಸಕ್ಕಿದ್ದ ಹುಡುಗಿಯೊಬ್ಬಳ ಕಥೆ ಕೇಳಿ. ಮನೆ ಅಡ್ವಾನ್ಸ್ ವಾಪಸ್ ಬರಲಿಲ್ಲ. ಬೆಂಗಳೂರಿನ ಅಡ್ವಾನ್ಸ್ ಬಗ್ಗೆ ಇಲ್ಲಿನವರಿಗೆ ಹೇಳಬೇಕಾದ್ದಿಲ್ಲ. ಓನರು "ಒಂದು ರೂಪಾಯಿ ಹಿಡಿಯದೆ ಕೊಡ್ತೀನಿ ಕಣಮ್ಮ" ಅಂತ ವಾಯ್ಸ್ ಮೆಸೇಜ್ ಹಾಕಿದ್ದರು. ಬಂಗಾರದಂಥ ಸಾಕ್ಷಿ. ಹಬ್ಬದ ಆಫರಿನಲ್ಲಿ ಆ ಫೋನನ್ನು 1,800 ರೂಪಾಯಿಗೆ ಎಕ್ಸ್‌ಚೇಂಜ್ ಮಾಡಿದಳು, ಬ್ಯಾಕಪ್ ಇರಲಿಲ್ಲ. ಆದರೆ ಬುದ್ಧಿವಂತೆ, ಕೊಡುವ ಮೊದಲು ಸ್ಪೀಕರಿನಲ್ಲಿ ಹಾಕಿ ರೂಮ್‌ಮೇಟ್ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ನನಗೆ ಕೇಳಿಸಿದಳು. "ಒಂದು ರೂಪಾಯಿ..." ಅಂದ ಕೂಡಲೇ ಕುಕ್ಕರ್ ಮೂರು ಸಲ ಕೂಗಿತು.

ಸ್ಕ್ರೀನ್‌ಶಾಟ್ ತೆಗೆಯಲೇಬೇಡಿ ಅಂತ ಹೇಳುತ್ತಿಲ್ಲ. ತೆಗೆಯಿರಿ, ಮೊದಲು ಅದನ್ನೇ ತೆಗೆಯಿರಿ. ಎದುರಿನವರು ಅಳಿಸಿಬಿಟ್ಟಾರು. ದೂರು ಕೊಡಲು, ನೋಟಿಸ್ ಬರೆಯಲು ಅದು ಬೇಕು. ಎದುರು ಪಕ್ಷದವರೇ ಹೌದು ಅಂತ ಒಪ್ಪಿಕೊಂಡರೆ ಜಗಳವೇ ಇಲ್ಲ. ಕೌಟುಂಬಿಕ ನ್ಯಾಯಾಲಯಕ್ಕೆ 1984ರ ಕಾಯ್ದೆಯ 14ನೇ ಸೆಕ್ಷನ್ ಸಾಕ್ಷ್ಯದ ವಿಷಯದಲ್ಲಿ ಜಾಸ್ತಿ ಸಡಿಲ ಕೊಟ್ಟಿದೆ, ಅಲ್ಲಿನ ಲೆಕ್ಕ ಬೇರೆ. ಆದರೆ ಸ್ಕ್ರೀನ್‌ಶಾಟ್ ತೆಗೆದೆ, ಇನ್ನು ಚಾಟು ಯಾಕೆ ಅನ್ನಬೇಡಿ. ನಂಬರ್ ಕಾಣುವ ಹಾಗೆ, ತಾರೀಖು ಕಾಣುವ ಹಾಗೆ ಪರದೆಯನ್ನು ಉದ್ದಕ್ಕೂ ಸರಿಸುತ್ತಾ ವಿಡಿಯೋ ಮಾಡಿ. ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ನಿಮಗೇ ಮೇಲ್ ಮಾಡಿಕೊಳ್ಳಿ. ತಾನಾಗಿ ಮಾಯವಾಗುವ ಮೆಸೇಜಿನ ಸೆಟ್ಟಿಂಗ್ ಇದೆಯಾ ನೋಡಿ. ಇದ್ದರೆ ನಿಮಗಿರುವ ಸಮಯ 24 ಗಂಟೆ, 7 ದಿನ ಅಥವಾ 90 ದಿನ. ಇಷ್ಟೆಲ್ಲ ಮಾಡಿ ಫೋನನ್ನು ಹಾಗೇ ಬಿಡಿ. ಡಬ್ಬಿ, ಬಿಲ್ಲು ಎಸೆಯಬೇಡಿ.

ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ ಕಕ್ಷಿದಾರರು ಯಾರು ಅಂತ ಕೇಳಿದರೆ ನನಗೆ ಐಟಿಯವರು ಯಾರೂ ನೆನಪಾಗುವುದಿಲ್ಲ. ಗಾಂಧಿ ಬಜಾರಿನ ಒಬ್ಬ ಹೂವಿನಮ್ಮ ನೆನಪಾಗುತ್ತಾರೆ. ಚೀಟಿ ದುಡ್ಡಿನ ಕೇಸು. ಚೀಟಿ ನಡೆಸುತ್ತಿದ್ದವನು ತಿಂಗಳಿಗೊಮ್ಮೆ "ಮುಂದಿನ ತಿಂಗಳು ಖಂಡಿತ" ಅಂತ ಎಸ್ಸೆಮ್ಮೆಸ್ ಹಾಕುತ್ತಿದ್ದ. ಮೊದಲ ದಿನ ನಾನು "ಫೋನು ಜೋಪಾನ ಅಮ್ಮ, ಏನೂ ಮುಟ್ಟಬೇಡಿ" ಅಂದಿದ್ದೆ. ಎರಡು ವರ್ಷ ಆದ ಮೇಲೆ ಸಾಕ್ಷಿ ಹೇಳುವ ದಿನ ಬಂತು. ಕೋರ್ಟ್ ವರಾಂಡದಲ್ಲಿ ಕೂತು ಹಳೇ ಸೀರೆ ತುಂಡಿನ ಗಂಟು ಬಿಚ್ಚಿದರು. ಒಳಗೆ ಕೀಪ್ಯಾಡ್ ಫೋನು, ಚಾರ್ಜರು, ಡಬ್ಬಿ, ಮಾಸಿದ ಬಿಲ್ಲು. ನನ್ನ ಜೂನಿಯರ್ ಚಾರ್ಜಿಗೆ ಹಾಕಲು ಪ್ಲಗ್ ಪಾಯಿಂಟ್ ಹುಡುಕಿಕೊಂಡು ಓಡಿದಳು.

ಪಾಟೀಸವಾಲಿನಲ್ಲಿ ಎದುರು ಪಕ್ಷದ ವಕೀಲರು ಮಾಮೂಲಿ ಪ್ರಶ್ನೆ ಹಾಕಿದರು. "ಈ ಮೆಸೇಜುಗಳನ್ನೆಲ್ಲ ನೀವೇ ಬರೆದುಕೊಂಡಿದ್ದೀರಿ ಅಂದರೆ ಸರಿಯೇ?"

"ನಂಗೆ ಓದೋಕೆ ಬರೆಯೋಕೆ ಬರಲ್ಲ ಸ್ವಾಮಿ. ಮೊಮ್ಮಗ ಓದಿ ಹೇಳ್ತಿದ್ದ. ನೀವೇ ನೋಡಿ" ಅಂತ ಹೂವಿನಮ್ಮ ಕೈ ಚಾಚಿ ಫೋನನ್ನು ಅವರ ಮುಂದೆಯೇ ಹಿಡಿದರು.