ಪ್ಲಮ್ಮರ್ ಬ್ಲಾಕ್ ಒಂದನ್ನು ನೈಜವಾಗಿ ಕಾಣುವಂತೆ ರೆಂಡರ್ ಮಾಡುವುದು: ಅಧ್ಯಯನ ಟಿಪ್ಪಣಿ

ಮೆಕ್ಯಾನಿಕಲ್ ವಿಭಾಗದಲ್ಲಿ ಮಷಿನ್ ಡ್ರಾಯಿಂಗ್ ಓದಿದವರಲ್ಲಿ ತಿರುಗುವ ಶಾಫ್ಟಿಗೆ ಆಧಾರವಾಗುವ ಪ್ಲಮ್ಮರ್ ಬ್ಲಾಕ್ ಎಂಬ ಬೇರಿಂಗನ್ನು ಬಿಡಿಸದವರು ವಿರಳ. ರೆಂಡರಿಂಗ್, ಅಂದರೆ ಕಂಪ್ಯೂಟರಿನ ಮೂರು ಆಯಾಮದ ಮಾದರಿಯಿಂದ ಫೋಟೊದಂಥ ಚಿತ್ರ ತೆಗೆಯುವ ಅಭ್ಯಾಸಕ್ಕೆ ನಾನು ಅದನ್ನೇ ಆರಿಸಿಕೊಂಡೆ. ಅದರ ಬಾಡಿ ಮತ್ತು ಕ್ಯಾಪ್ ಎರಕದ ಕಬ್ಬಿಣದವು, ಶಾಫ್ಟನ್ನು ಹೊತ್ತಿರುವ ಎರಡು ಹೋಳಿನ ಬ್ರಾಸ್‌ಗಳು (ಬೇರಿಂಗ್‌ನ ಒಳಪದರಗಳು) ಗನ್‌ಮೆಟಲ್‌ನವು, ಕ್ಯಾಪನ್ನು ಬಿಗಿಯುವ ಬೋಲ್ಟ್, ನಟ್‌ಗಳು ಮೈಲ್ಡ್ ಸ್ಟೀಲ್‌ನವು. ಒಂದೇ ಬಾಡಿಯ ಮೇಲೆ ಮರಳಿನ ಅಚ್ಚಿನಿಂದ ಬಂದ ಒರಟು ಮುಖವೂ ಇದೆ, ಯಂತ್ರದಲ್ಲಿ ಹೆರೆದ ನುಣುಪು ಮುಖವೂ ಇದೆ. ಹೀಗಾಗಿ ಕಲಿಯಬೇಕಾದ ಬಹುಪಾಲು ವಿಷಯ ಈ ಒಂದು ಜೋಡಣೆಯಲ್ಲೇ ಸಿಗುತ್ತದೆ. ಮಾದರಿಯನ್ನು ನಾನು ಫ್ರೀಕ್ಯಾಡ್ ಎಂಬ ಕ್ಯಾಡ್ (ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವ) ಸಾಫ್ಟ್‌ವೇರ್‌ನಲ್ಲಿ ಮಾಡಿ, ಬ್ಲೆಂಡರ್ ಸಾಫ್ಟ್‌ವೇರ್‌ನ ಸೈಕಲ್ಸ್ ಎಂಬ ರೆಂಡರರ್‌ನಲ್ಲಿ ರೆಂಡರ್ ಮಾಡಿದ್ದೇನೆ. ಕೀಶಾಟ್, ಸಾಲಿಡ್‌ವರ್ಕ್ಸ್ ವಿಜುವಲೈಜ್ ಅಥವಾ ಫ್ಯೂಷನ್ ಬಳಸುವವರಿಗೆ ಮೆನುಗಳ ಹೆಸರು ಬೇರೆಯಾಗಬಹುದು, ಒಳಗಿನ ತತ್ವ ಬೇರೆಯಾಗುವುದಿಲ್ಲ.

ಕ್ಯಾಡ್ ಪರದೆಯಲ್ಲಿ ನಾವು ದಿನವೂ ನೋಡುವ ಬಣ್ಣ ತುಂಬಿದ ಚಿತ್ರ ಮತ್ತು ರೆಂಡರ್ ಇವೆರಡರ ನಡುವಿನ ವ್ಯತ್ಯಾಸವನ್ನು ಮೊದಲು ತಿಳಿಯಬೇಕು. ಪರದೆಯ ಚಿತ್ರಕ್ಕೆ ವೇಗ ಮುಖ್ಯ. ಆದ್ದರಿಂದ ಅದು ಪ್ರತಿ ಮುಖವೂ ದೀಪದ ಕಡೆಗೆ ಎಷ್ಟು ವಾಲಿದೆ ಎಂಬುದನ್ನು ಮಾತ್ರ ಲೆಕ್ಕ ಹಾಕಿ ಬಣ್ಣ ತುಂಬುತ್ತದೆ, ಒಂದು ಭಾಗದ ಬೆಳಕು ಇನ್ನೊಂದರ ಮೇಲೆ ಬೀಳುವುದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ರೆಂಡರರ್ ಬಿಡಿಸುವುದು 1986ರಲ್ಲಿ ಜೇಮ್ಸ್ ಕಜಿಯಾ ಮಂಡಿಸಿದ ಸಮೀಕರಣವನ್ನು. ಒಂದು ಬಿಂದುವಿನಿಂದ ಕಣ್ಣಿಗೆ ಬರುವ ಬೆಳಕೆಂದರೆ ಆ ಬಿಂದು ತಾನೇ ಸೂಸುವ ಬೆಳಕು, ಜೊತೆಗೆ ಎಲ್ಲ ದಿಕ್ಕುಗಳಿಂದ ಅದರ ಮೇಲೆ ಬಿದ್ದ ಬೆಳಕಿನಲ್ಲಿ ಅದರ ಮೇಲ್ಮೈ ನಮ್ಮ ಕಡೆಗೆ ಹಿಂದಿರುಗಿಸಿದ ಪಾಲು ಎಂಬುದು ಅದರ ಸಾರ. ಹಾಗೆ ಬೀಳುವ ಬೆಳಕೂ ಮತ್ತೊಂದು ಬಿಂದುವಿನಿಂದಲೇ ಬರಬೇಕಾದ್ದರಿಂದ ಲೆಕ್ಕ ತನ್ನೊಳಗೇ ಸುತ್ತುತ್ತದೆ. ನೇರವಾಗಿ ಬಿಡಿಸಲಾಗದ ಈ ಲೆಕ್ಕವನ್ನು ಸೈಕಲ್ಸ್‌ನಂಥ ರೆಂಡರರ್‌ಗಳು ಬೆಳಕಿನ ಸಾವಿರಾರು ಹಾದಿಗಳನ್ನು ಯಾದೃಚ್ಛಿಕವಾಗಿ ಆರಿಸಿ, ಸರಾಸರಿ ತೆಗೆದು ಅಂದಾಜಿಸುತ್ತವೆ. ಚಿತ್ರದಲ್ಲಿ ಕಾಣುವ ನಾಯ್ಸ್, ಅಂದರೆ ಚುಕ್ಕೆಚುಕ್ಕೆಯ ಕಲೆ, ಈ ಅಂದಾಜಿನ ದೋಷವೇ ಆಗಿದೆ. ಅದನ್ನು ಅರ್ಧಕ್ಕೆ ಇಳಿಸಲು ಪ್ರತಿ ಪಿಕ್ಸೆಲ್‌ಗೆ ಆರಿಸುವ ಹಾದಿಗಳನ್ನು, ಅಂದರೆ ಸ್ಯಾಂಪಲ್‌ಗಳನ್ನು, ನಾಲ್ಕು ಪಟ್ಟು ಮಾಡಬೇಕು, ಅಂದರೆ 128 ಇದ್ದದ್ದು 512 ಆಗಬೇಕು.

ಸಮೀಕರಣಕ್ಕೆ ನಾವು ಒದಗಿಸುವುದು ಆಕಾರ, ಮೇಲ್ಮೈಯ ಗುಣ ಮತ್ತು ಬೆಳಕು. ಮೊದಲನೆಯದನ್ನು ಕ್ಯಾಡ್ ಕಲಿತವರು ಚೆನ್ನಾಗಿಯೇ ಕೊಡುತ್ತಾರೆ. ಉಳಿದೆರಡನ್ನು ಸಾಫ್ಟ್‌ವೇರ್‌ನ ಲೈಬ್ರರಿಗೆ ಬಿಟ್ಟುಬಿಡುವುದರಿಂದಲೇ ಚಿತ್ರ ಆಟಿಕೆಯಂತಾಗುತ್ತದೆ ಎಂಬುದು ನನ್ನ ಅನುಭವ. ವರ್ಕ್‌ಶಾಪಿನಲ್ಲಿ ಪ್ರತಿ ಮುಖದ ಮೇಲೆ ಯಾವ ಕೆಲಸ ನಡೆದಿದೆ ಎಂಬುದನ್ನು ರೆಂಡರರ್‌ಗೆ ನಾವೇ ಹೇಳಬೇಕು.

ಮೆಶ್ ಮತ್ತು ಅಂಚು

ಕ್ಯಾಡ್ ಮಾದರಿಯಲ್ಲಿ ಸಿಲಿಂಡರ್ ನಿಜವಾದ ಸಿಲಿಂಡರೇ ಆಗಿರುತ್ತದೆ. ರೆಂಡರರ್‌ಗೆ ಹೋಗುವಾಗ ಅದು ತ್ರಿಕೋನಗಳ ಮೆಶ್ ಆಗಿ ಒಡೆಯುತ್ತದೆ. 50 ಮಿ.ಮೀ. ವ್ಯಾಸದ ಶಾಫ್ಟನ್ನು 32 ಬದಿಗಳಾಗಿ ಒಡೆದರೆ, ಪ್ರತಿ ಬದಿಯ ನಡುಭಾಗ ನಿಜವಾದ ವೃತ್ತದಿಂದ ಸುಮಾರು 0.12 ಮಿ.ಮೀ. ಒಳಗೆ ಉಳಿಯುತ್ತದೆ. 128 ಬದಿಗಳಾದರೆ ಈ ಅಂತರ 0.0075 ಮಿ.ಮೀ.ಗೆ ಇಳಿಯುತ್ತದೆ. ಮೊದಲನೆಯದು ಕೇಳಲು ಚಿಕ್ಕದೇ, ಆದರೆ ಶಾಫ್ಟಿನ ಅಂಚಿನ ಗೆರೆಯಲ್ಲಿ ಮೂಲೆಗಳು ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಎಕ್ಸ್‌ಪೋರ್ಟ್ ಮಾಡುವಾಗ ಈ ಅಂತರದ (ಡೀವಿಯೇಷನ್) ಮಿತಿಯನ್ನು 0.01 ಮಿ.ಮೀ. ಆಸುಪಾಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಮೆಶ್ ಸಾಗಿಸುವ ಎಸ್‌ಟಿಎಲ್ ಕಡತದಲ್ಲಿ ಅಳತೆಯ ಮಾನ ದಾಖಲಾಗುವುದಿಲ್ಲ. ಬ್ಲೆಂಡರ್‌ನ ಒಂದು ಮಾನವೆಂದರೆ ಒಂದು ಮೀಟರ್. ಮಿಲಿಮೀಟರಿನಲ್ಲಿ ಮಾಡಿದ 50ರ ಶಾಫ್ಟ್ ಅಲ್ಲಿ 50 ಮೀಟರ್ ದಪ್ಪಕ್ಕೆ ಬಂದು ನಿಲ್ಲುತ್ತದೆ. ಇಂಪೋರ್ಟ್ ಮಾಡುವಾಗಲೇ ಸ್ಕೇಲನ್ನು 0.001 ಎಂದು ಕೊಡಬೇಕು. ನಾನು ಮೊದಲ ಬಾರಿ ಇದನ್ನು ಗಮನಿಸದೆ, ಎರಕದ ಒರಟುತನಕ್ಕೆ ಕೊಟ್ಟ ಅಂಕಿಗಳೆಲ್ಲ ಏಕೆ ಕೆಲಸ ಮಾಡುತ್ತಿಲ್ಲವೆಂದು ಒಂದು ಸಂಜೆಯನ್ನೇ ಕಳೆದೆ. ಗಾತ್ರ ನಿಜವಾಗಿದ್ದರೆ ಮಾತ್ರ ಬಂಪ್ (ಮೇಲ್ಮೈಯ ಕೃತಕ ಉಬ್ಬುತಗ್ಗು), ಅಂಚಿನ ತ್ರಿಜ್ಯ, ಕ್ಯಾಮರಾದ ಫೋಕಸ್ ಎಲ್ಲಕ್ಕೂ ವಾಸ್ತವದ ಅಂಕಿಗಳನ್ನೇ ಕೊಡಬಹುದು.

ತೂತುಗಳಿರುವ ಚಪ್ಪಟೆ ಮುಖದ ಮೇಲೆ ಕಪ್ಪು ಹೊಗೆಯಂಥ ಕಲೆಗಳು ಕಂಡರೆ ಅದು ನಾರ್ಮಲ್‌ಗಳ, ಅಂದರೆ ಮುಖ ಎತ್ತ ತಿರುಗಿದೆಯೆಂದು ಹೇಳುವ ದಿಕ್ಕುಗಳ, ದೋಷ. ಕ್ಯಾಡ್ ಮೆಶ್‌ನಲ್ಲಿ ಉದ್ದವಾದ ತೆಳು ತ್ರಿಕೋನಗಳು ಹೆಚ್ಚು. ಮುಖಗಳ ನಡುವಿನ ಮೂಲೆ ಮರೆಸುವ ಸ್ಮೂತ್ ಶೇಡಿಂಗ್ ಕೊಟ್ಟಾಗ ಚಪ್ಪಟೆ ಮುಖವೂ ಬಾಗಿದಂತೆ ಕಾಣುತ್ತದೆ. ಸ್ಮೂತ್ ಮಾಡುವ ಕೋನಕ್ಕೆ 30 ಡಿಗ್ರಿಯ ಮಿತಿ ಹಾಕಿದರೆ ಬಹುತೇಕ ಸರಿಹೋಗುತ್ತದೆ.

ಅಂಚುಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಮಾದರಿಯಲ್ಲಿ ಎರಡು ಮುಖಗಳು ದಪ್ಪವೇ ಇಲ್ಲದ ಗೆರೆಯಲ್ಲಿ ಕೂಡುತ್ತವೆ, ಲೋಕದಲ್ಲಿ ಅಂಥ ಅಂಚು ಇರುವುದೇ ಇಲ್ಲ. ಚೂಪು ಅಂಚುಗಳನ್ನು ತೆಗೆಯಬೇಕೆಂದು ನಕ್ಷೆಯ ಮೂಲೆಯಲ್ಲಿ ನಾವೇ ಬರೆಯುತ್ತೇವೆ, ಮಾದರಿಯಲ್ಲಿ ಮಾತ್ರ ಅದನ್ನು ಪಾಲಿಸುವುದಿಲ್ಲ. ಅರದಿಂದ ಬರ್ (ಅಂಚಿನ ಚೂಪು ಎಳೆ) ತೆಗೆದ ಅಂಚು ಕಾಲು ಮಿಲಿಮೀಟರಿನಷ್ಟಾದರೂ ದುಂಡಾಗಿರುತ್ತದೆ, ಆ ಕಿರಿದಾದ ಪಟ್ಟಿ ಎಲ್ಲೋ ಒಂದು ದೀಪವನ್ನು ಹಿಡಿದು ಬಿಳಿಯ ಗೆರೆಯಾಗಿ ಹೊಳೆಯುತ್ತದೆ, ಕಣ್ಣು ಆ ಗೆರೆಯಿಂದಲೇ ಇದು ಘನವಾದ ಲೋಹವೆಂದು ನಂಬುತ್ತದೆ. ಹೆರೆದ ಅಂಚುಗಳಿಗೆ 0.3 ಮಿ.ಮೀ., ಎರಕದ ಒಳಮೂಲೆಗಳಿಗೆ 3 ಮಿ.ಮೀ. ಫಿಲೆಟ್ (ದುಂಡಗಿನ ಅಂಚು) ಕೊಟ್ಟ ಮೇಲೆ ನನ್ನ ಚಿತ್ರ ಬದಲಾದಷ್ಟು ಬೇರೆ ಯಾವ ತಿದ್ದುಪಡಿಯಿಂದಲೂ ಬದಲಾಗಲಿಲ್ಲ. ಫಿಲೆಟ್ ಹಾಕಲು ಹೋಗಿ ಮಾದರಿ ಮುರಿಯುತ್ತಿದ್ದರೆ, ಸೈಕಲ್ಸ್‌ನ ಬೆವೆಲ್ ನೋಡ್ ಆಕಾರವನ್ನು ಮುಟ್ಟದೆ ಶೇಡಿಂಗ್‌ನಲ್ಲಷ್ಟೇ ಅಂಚನ್ನು ದುಂಡಾಗಿಸುತ್ತದೆ. ಕ್ಯಾಪ್ ಮತ್ತು ಬಾಡಿಯ ನಡುವೆ ನಕ್ಷೆಯಲ್ಲಿ ತೋರಿಸುವ ಸಣ್ಣ ಸಂದನ್ನೂ ಮುಚ್ಚಬಾರದು. ಅಲ್ಲಿ ಬೀಳುವ ಕಪ್ಪು ಗೆರೆ ಎರಡು ಬೇರೆ ಭಾಗಗಳನ್ನು ಬೋಲ್ಟ್‌ನಿಂದ ಬಿಗಿದಿರುವುದನ್ನು ತೋರಿಸುತ್ತದೆ.

ಮೇಲ್ಮೈಯ ಗುಣ

ರೆಂಡರರ್‌ಗೆ ವಸ್ತುಗಳಲ್ಲಿ ಮುಖ್ಯವಾಗಿ ಎರಡು ಜಾತಿ: ಲೋಹ ಮತ್ತು ಲೋಹವಲ್ಲದ್ದು. ಲೋಹವಲ್ಲದ್ದು ತನ್ನ ಬಣ್ಣವನ್ನು ಒಳಗಿನಿಂದ ಚದುರಿ ಬಂದ ಬೆಳಕಿನಲ್ಲಿ ತೋರಿಸುತ್ತದೆ, ಅದರ ಹೊಳಪು ಮಾತ್ರ ದೀಪದ ಬಣ್ಣದ್ದಾಗಿರುತ್ತದೆ. ವಕ್ರೀಭವನ ಸೂಚ್ಯಂಕ 1.5 ಇರುವ ಬಣ್ಣ ಅಥವಾ ಪ್ಲಾಸ್ಟಿಕ್ ನೇರವಾಗಿ ನೋಡಿದಾಗ ಶೇಕಡಾ 4ರಷ್ಟು ಬೆಳಕನ್ನಷ್ಟೇ ಪ್ರತಿಫಲಿಸುತ್ತದೆ. ಓರೆಯಾಗಿ ನೋಡಿದಂತೆಲ್ಲ ಈ ಪ್ರಮಾಣ ಏರುತ್ತದೆ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲವನ್ನು ನೆನಪಿಸಿಕೊಳ್ಳಿ. ಕಾಲಬುಡದಲ್ಲಿ ಬರೀ ಕೆಂಪು ಕಾಣುತ್ತದೆ, ಅದೇ ನೆಲದ ದೂರದ ತುದಿಯಲ್ಲಿ ಬಾಗಿಲಿನ ಬೆಳಕು ಪೂರ್ತಿ ಮೂಡಿರುತ್ತದೆ. ಲೋಹದಲ್ಲಿ ಚದುರುವ ಬೆಳಕೇ ಇಲ್ಲ, ಇರುವುದೆಲ್ಲ ಪ್ರತಿಫಲನ, ಅದರ ಬಣ್ಣವೂ ಪ್ರತಿಫಲನದ ಬಣ್ಣವೇ.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಪ್ಲಮ್ಮರ್ ಬ್ಲಾಕ್‌ನ ಬಾಡಿ ಕಬ್ಬಿಣದ್ದೆಂದು ಮೆಟಾಲಿಕ್ ಮೌಲ್ಯವನ್ನು 1 ಎಂದಿಟ್ಟು, ಮೇಲೆ ಬೂದು ಅಥವಾ ಹಸಿರು ಬಣ್ಣ ಕೊಟ್ಟರೆ ಕಾಣುವುದು ಹಬ್ಬದ ಮಿಂಚುಕಾಗದ. ಬಣ್ಣ ಬಳಿದ ಕಬ್ಬಿಣ ರೆಂಡರರ್‌ನ ಲೆಕ್ಕದಲ್ಲಿ ಕಬ್ಬಿಣವಲ್ಲ, ಬಣ್ಣ. ಅಲ್ಲಿ ಮೆಟಾಲಿಕ್ 0 ಆಗಬೇಕು. ಕ್ಯಾಪ್‌ನ ಬದಿ, ಬಾಡಿಯ ಹೊರಮೈ ಇವು ಬಣ್ಣದವು. ಬೋಲ್ಟ್ ಕೂರುವ ಮುಖ, ಬ್ರಾಸ್‌ಗಳನ್ನು ಹಿಡಿಯುವ ಒಳಮುಖ ಇವು ಹೆರೆದ ಬರಿಯ ಲೋಹ, ಮೆಟಾಲಿಕ್ 1. ಕಬ್ಬಿಣದ ಕೆಂಪು, ಹಸಿರು, ನೀಲಿಗೆ ಲೀನಿಯರ್ (ಬೆಳಕಿನ ಪ್ರಮಾಣಕ್ಕೆ ನೇರವಾಗಿ ಹೊಂದುವ) ಮೌಲ್ಯಗಳಲ್ಲಿ 0.56, 0.57, 0.58 ಒಳ್ಳೆಯ ಆರಂಭ. ಗನ್‌ಮೆಟಲ್‌ನಲ್ಲಿ ಹೆಚ್ಚಿನ ಪಾಲು ತಾಮ್ರ, ಉಳಿದದ್ದು ತವರ ಮತ್ತು ಸ್ವಲ್ಪ ಸತು. ಆದ್ದರಿಂದ ತಾಮ್ರದ 0.95, 0.64, 0.54ರಿಂದ ಹೊರಟು ಸ್ವಲ್ಪ ಹಳದಿಯ ಕಡೆಗೆ ಸರಿಸಿದೆ. ಬ್ಲೆಂಡರ್‌ನಲ್ಲಿ ಈ ಅಂಕಿಗಳನ್ನು ಆರ್‌ಜಿಬಿ ಮನೆಗಳಲ್ಲಿ ತುಂಬಬೇಕು, ಹೆಕ್ಸ್ ಮನೆಯಲ್ಲಿ ಬರೆಯುವ ಮೌಲ್ಯಕ್ಕೆ ಬೇರೆಯದೇ ಲೆಕ್ಕ ಅನ್ವಯಿಸುತ್ತದೆ.

ರಫ್‌ನೆಸ್ ಮೌಲ್ಯವನ್ನು ಹೇಗೆ ನಿರ್ಧರಿಸುವುದು? ನಕ್ಷೆಯಲ್ಲಿರುವ ಮೇಲ್ಮೈ ಚಿಹ್ನೆಗಳೇ ಸೂಚನೆ ಕೊಡುತ್ತವೆ. ಆರ್‌ಎ (ಮೈಕ್ರೊಮೀಟರಿನಲ್ಲಿ ಸರಾಸರಿ ಒರಟುತನ) 1.6 ಎಂದು ಬರೆದ ಮುಖ 6.3 ಎಂದು ಬರೆದದ್ದಕ್ಕಿಂತ ನುಣುಪು. ಅಂಕಿಯನ್ನು ನೇರವಾಗಿ ಇಳಿಸಿಕೊಳ್ಳುವಂತಿಲ್ಲ, ಏಕೆಂದರೆ ಆರ್‌ಎ ಅಳೆಯುವುದು ಏರಿಳಿತದ ಎತ್ತರವನ್ನು, ರೆಂಡರರ್‌ನ ರಫ್‌ನೆಸ್ ಸೂಚಿಸುವುದು ಕಣ್ಣಿಗೆ ಕಾಣದ ಆ ಏರಿಳಿತಗಳ ಓರೆಯನ್ನು. ಕ್ರಮವನ್ನಷ್ಟೇ ನಕ್ಷೆಯಿಂದ ಪಡೆದು ನಾನು ಬೋರ್ ಮಾಡಿದ ಒಳಮುಖಕ್ಕೆ 0.25, ಮಿಲ್ಲಿಂಗ್ ಮಾಡಿದ ಮುಖಕ್ಕೆ 0.35, ಬಣ್ಣ ಬಳಿದ ಎರಕದ ಮೈಗೆ 0.6 ಕೊಟ್ಟೆ. ಲೇತ್‌ನಲ್ಲಿ ತಿರುವಿದ ಮುಖದ ಮೇಲೆ ಟೂಲ್ ಬಿಟ್ಟ ಗೆರೆಗಳು ವೃತ್ತಾಕಾರವಾಗಿರುವುದರಿಂದ ಹೊಳಪು ಬೀಸಣಿಗೆಯಂತೆ ಹರಡುತ್ತದೆ. ಇದಕ್ಕೆ ಅನೈಸೋಟ್ರೊಪಿಕ್ (ಹೊಳಪನ್ನು ಒಂದು ದಿಕ್ಕಿಗೆ ಹರಡುವ) ಮೌಲ್ಯವನ್ನು ಏರಿಸಿ, ಆ ದಿಕ್ಕನ್ನು ಸೂಚಿಸುವ ಟ್ಯಾಂಜೆಂಟನ್ನು ಶಾಫ್ಟಿನ ಅಕ್ಷದ ಸುತ್ತ ರೇಡಿಯಲ್ ಮಾಡಬೇಕು.

ಎರಕದ ಮೈಗೆ ನಾಯ್ಸ್ ಟೆಕ್ಸ್ಚರಿನಿಂದ ಬಂಪ್ ಕೊಡುವಾಗ ನಾನು ಮೊದಲು ಅದರ ಗಾತ್ರವನ್ನು ಬಲು ದೊಡ್ಡದಾಗಿಟ್ಟು, ಬಾಡಿಗೆ ಹಲಸಿನ ಹಣ್ಣಿನ ಮೈ ತರಿಸಿದ್ದೆ. ಮರಳಿನ ಕಣಗಳು ಒಂದು ಮಿಲಿಮೀಟರಿಗಿಂತ ಚಿಕ್ಕವು. ಉಬ್ಬುತಗ್ಗು ಅದಕ್ಕಿಂತ ದೊಡ್ಡದಾದಷ್ಟೂ ಭಾಗವೇ ಅಂಗೈಯಗಲದ ಆಟಿಕೆಯಾಗಿ ಕುಗ್ಗಿದಂತೆ ಕಾಣುತ್ತದೆ.

ಬೆಳಕು

ಲೋಹವೆಂದರೆ ಸುತ್ತಲಿನದನ್ನೇ ತೋರಿಸುವ ವಸ್ತು. ಸ್ಟೀಲ್ ಲೋಟವನ್ನು ಕಿಟಕಿಯ ಬಳಿ ಹಿಡಿದರೆ ಕಾಣುವುದು ಕಿಟಕಿಯ ಬಿಳಿ ಪಟ್ಟಿ, ಗೋಡೆಯ ಬಣ್ಣ, ಹಿಡಿದ ಬೆರಳುಗಳು. ಇವೇ ಲೋಟದ ಹೊಳಪು. ಖಾಲಿ ಬೂದು ಜಗತ್ತಿನಲ್ಲಿಟ್ಟ ಕಬ್ಬಿಣಕ್ಕೆ ತೋರಿಸಲು ಬೂದು ಬಣ್ಣವೊಂದೇ ಇರುತ್ತದೆ, ಅದು ಪ್ಲಾಸ್ಟಿಕ್‌ನಂತೆ ಕಾಣುವುದು ಮೆಟೀರಿಯಲ್‌ನ ತಪ್ಪಲ್ಲ. ಈ ಕೊರತೆಯನ್ನು ಸುತ್ತಲಿನ ಬೆಳಕಿನ ಪ್ರಖರತೆಯನ್ನು ದಾಖಲಿಸುವ ಎಚ್‌ಡಿಆರ್‌ಐ ಚಿತ್ರಗಳು ನೀಗಿಸುತ್ತವೆ. ನಿಜವಾದ ಸ್ಥಳದ ಬೆಳಕನ್ನು ಅಳೆದು ಅದರಿಂದಲೇ ಕೃತಕ ವಸ್ತುವನ್ನು ಬೆಳಗಿಸುವ ವಿಧಾನವನ್ನು ಪಾಲ್ ಡೆಬೆವೆಕ್ 1998ರಲ್ಲಿ ಪ್ರಕಟಿಸಿದರು. ಸಾಮಾನ್ಯ ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಷ್ಟೇ ಇರುವುದರಿಂದ ಕಿಟಕಿಯೂ ಬಿಳಿ ಗೋಡೆಯೂ ಒಂದೇ ಮಟ್ಟಕ್ಕೆ ಬಂದುಬಿಡುತ್ತವೆ. ಎಚ್‌ಡಿಆರ್‌ಐನಲ್ಲಿ ಕಿಟಕಿ ಗೋಡೆಗಿಂತ ಎಷ್ಟು ಪಟ್ಟು ಪ್ರಖರವೋ ಅಷ್ಟೇ ದಾಖಲಾಗಿರುತ್ತದೆ. ಪಾಲಿ ಹೇವನ್ ತಾಣದಲ್ಲಿ ಇವು ಉಚಿತವಾಗಿ, ಬಳಕೆಯ ನಿರ್ಬಂಧವಿಲ್ಲದೆ ಸಿಗುತ್ತವೆ.

ಎಚ್‌ಡಿಆರ್‌ಐ ಒಂದೇ ಸಾಲದು. ಸುಮಾರು 250 ಮಿ.ಮೀ. ಉದ್ದದ ಬ್ಲಾಕ್‌ನ ಮೇಲೆ 600 ಮಿ.ಮೀ. ಅಗಲದ ಏರಿಯಾ ಲೈಟ್ ಒಂದನ್ನೂ, ಬದಿಯಲ್ಲಿ ಟ್ಯೂಬ್‌ಲೈಟಿನಂಥ ಉದ್ದನೆಯ ದೀಪವನ್ನೂ ಇಟ್ಟೆ. ದೀಪ ದೊಡ್ಡದಾದಷ್ಟೂ ನೆರಳಿನ ಅಂಚು ಮೃದುವಾಗುತ್ತದೆ, ಲೋಹದ ಮೇಲಿನ ಹೊಳಪೂ ಹರಡುತ್ತದೆ. ಆ ಮೇಲೆ, ಕ್ಯಾಮರಾಕ್ಕೆ ಕಾಣದ ಕಡೆ ಒಂದು ಕಪ್ಪು ಹಲಗೆ. ಶಾಫ್ಟಿನ ಉದ್ದಕ್ಕೂ ಬಿಳಿ ಪಟ್ಟಿಯ ಪಕ್ಕದಲ್ಲೇ ಗಾಢ ಪಟ್ಟಿ ಬಿದ್ದಾಗ ಅದು ದುಂಡಾಗಿಯೂ ತೂಕವಾಗಿಯೂ ತೋರುತ್ತದೆ. ಎಲ್ಲವನ್ನೂ ಮೊದಲು ಬಿಳಿ ಜೇಡಿಮಣ್ಣಿನಂತೆ ಮಾಡಿ ಬೆಳಕನ್ನು ಪರೀಕ್ಷಿಸಬೇಕೆಂಬ ಸಲಹೆ ಪ್ರಚಲಿತವಾಗಿದೆ. ನೆರಳುಗಳಿಗೆ ಅದು ಸರಿ, ಲೋಹಕ್ಕೆ ಅದರಿಂದ ಏನೂ ತಿಳಿಯುವುದಿಲ್ಲ.

ಕ್ಯಾಮರಾ ಮತ್ತು ಅಂತಿಮ ಚಿತ್ರ

36 ಮಿ.ಮೀ. ಸೆನ್ಸರಿನ ಕ್ಯಾಮರಾದಲ್ಲಿ ಈ ಬ್ಲಾಕ್ ಚೌಕಟ್ಟಿನ ಶೇಕಡಾ 70ರಷ್ಟು ಅಗಲವನ್ನು ತುಂಬಬೇಕಾದರೆ, 24 ಮಿ.ಮೀ. ಲೆನ್ಸನ್ನು ಸುಮಾರು 24 ಸೆಂ.ಮೀ. ಹತ್ತಿರಕ್ಕೆ ತರಬೇಕು, 85 ಮಿ.ಮೀ. ಲೆನ್ಸಿಗೆ 84 ಸೆಂ.ಮೀ. ದೂರ ಸಾಕು. ಮೊದಲನೆಯದರಲ್ಲಿ ಕ್ಯಾಮರಾ ವಸ್ತುವಿನ ಉದ್ದದಷ್ಟೇ ದೂರದಲ್ಲಿರುವುದರಿಂದ ಹತ್ತಿರದ ಬೋಲ್ಟ್ ಊದಿಕೊಂಡು, ಭಾಗ ಕಟ್ಟಡದಂತೆ ಕಾಣುತ್ತದೆ. ಎರಡನೆಯದನ್ನೇ ಆರಿಸಿಕೊಳ್ಳಿ. ಅದೇ ದೂರದಲ್ಲಿ ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಎಫ್/2.8 ಇಟ್ಟರೆ ಸ್ಪಷ್ಟವಾಗಿ ಉಳಿಯುವ ಆಳ ಸುಮಾರು 16 ಮಿ.ಮೀ. ಮಾತ್ರ, ಎಫ್/16ರಲ್ಲಿ ಸುಮಾರು 95 ಮಿ.ಮೀ. ಯಂತ್ರಭಾಗಕ್ಕೆ ಎರಡನೆಯದೇ ತಕ್ಕದ್ದು.

ಲೆಕ್ಕದ ಬೆಳಕನ್ನು ಪರದೆಯ ಬಣ್ಣಕ್ಕೆ ಇಳಿಸುವ ವ್ಯೂ ಟ್ರಾನ್ಸ್‌ಫಾರ್ಮ್ ಅನ್ನು ಸ್ಟ್ಯಾಂಡರ್ಡ್‌ನಲ್ಲಿ ಬಿಟ್ಟರೆ ಹೊಳಪುಗಳು ಬಿಳಿಯ ತೇಪೆಯಾಗುತ್ತವೆ. ಬ್ಲೆಂಡರ್ 4.0ರಿಂದ ಎಜಿಎಕ್ಸ್ ಎಂಬ ಬೇರೊಂದು ಟ್ರಾನ್ಸ್‌ಫಾರ್ಮ್ ಮೊದಲಿನಿಂದಲೇ ಆಯ್ಕೆಯಾಗಿ ಬರುತ್ತದೆ, ಅದನ್ನು ಹಾಗೆಯೇ ಬಿಡಬಹುದು. ರಫ್‌ನೆಸ್‌ಗೆ ಚಿತ್ರವೊಂದನ್ನು ಬಳಸಿದ್ದರೆ ಅದರ ಅಂಕಿಗಳನ್ನು ಬಣ್ಣವೆಂದು ತಿಳಿದು ಬದಲಿಸದಂತೆ ಅದರ ಕಲರ್ ಸ್ಪೇಸ್ ನಾನ್-ಕಲರ್ ಆಗಿರಬೇಕು. ಎ4 ಹಾಳೆಯಲ್ಲಿ ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಲು 3508 × 2480 ಪಿಕ್ಸೆಲ್ ಬೇಕಾಗುತ್ತದೆ. ಈ ಗಾತ್ರದಲ್ಲಿ ಸಮಯ ಉಳಿಸಲು ಸ್ಯಾಂಪಲ್ ಕಡಿಮೆ ಮಾಡಿ ನಾಯ್ಸ್ ಅಳಿಸುವ ಡೀನಾಯ್ಸರ್ ಹಚ್ಚುವ ಆಸೆ ಬರುತ್ತದೆ. ಆದರೆ ಎರಕದ ಮೈಯ ಸೂಕ್ಷ್ಮ ಒರಟುತನವನ್ನೂ ಅದು ನಾಯ್ಸ್ ಎಂದು ತಿಳಿದು ಒರೆಸಿಹಾಕಬಹುದು. ಆಲ್ಬಿಡೊ (ಮೇಲ್ಮೈಯ ಮೂಲ ಬಣ್ಣ) ಮತ್ತು ನಾರ್ಮಲ್ ಪಾಸ್‌ಗಳನ್ನು, ಅಂದರೆ ಆ ಮಾಹಿತಿಯ ಬೇರೆ ಚಿತ್ರಗಳನ್ನು, ಡೀನಾಯ್ಸರ್‌ಗೆ ಒದಗಿಸಿ, ಕನಿಷ್ಠ 512 ಸ್ಯಾಂಪಲ್ ಇಟ್ಟುಕೊಂಡು, ಚಿತ್ರವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ಬಾಡಿಯ ಬದಿಯಲ್ಲಿ ಮರಳಿನ ಗುರುತು ಉಳಿದಿದೆಯೇ ಎಂದು ನೋಡಿದ ಮೇಲೆಯೇ ಮುದ್ರಣಕ್ಕೆ ಕೊಡಬೇಕು.