ಸ್ಪಾರ್ಕ್ ಪ್ಲಗ್ ಖರೀದಿ: ಬ್ರ್ಯಾಂಡಿಗಿಂತ ಮೊದಲು ನೋಡಬೇಕಾದದ್ದು

ದಾವಣಗೆರೆಯ ನಮ್ಮ ಗ್ಯಾರೇಜಿಗೆ ಪೆಟ್ರೋಲ್ ಕಾರು ತರುವವರಲ್ಲಿ ಹೆಚ್ಚಿನವರು, ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗಿನಲ್ಲಿ ಎನ್‌ಜಿಕೆ, ಬಾಷ್, ಡೆನ್ಸೊ ಇವುಗಳಲ್ಲಿ ಯಾವುದು ಉತ್ತಮ ಎಂದು ಕೇಳುತ್ತಾರೆ. ಮೂರೂ ಕಂಪನಿಗಳು ಕಾರು ತಯಾರಕರಿಗೇ ಪ್ಲಗ್ ಪೂರೈಸುತ್ತವೆ. ಅಸಲಿ ಮಾಲಾಗಿದ್ದು, ಎಂಜಿನ್ನಿಗೆ ಹೇಳಿದ ನಂಬರಿನದೇ ಆಗಿದ್ದರೆ, ಓಡಿಸುವವರ ಅನುಭವಕ್ಕೆ ಬರುವಷ್ಟು ವ್ಯತ್ಯಾಸವನ್ನು ನಾನು ಇವುಗಳ ನಡುವೆ ಕಂಡಿಲ್ಲ. ಬಾಳಿಕೆಯನ್ನು ನಿರ್ಧರಿಸುವುದು ಎಲೆಕ್ಟ್ರೋಡಿನ, ಅಂದರೆ ಕಿಡಿ ಹಾರುವ ತುದಿಯ ಲೋಹ; ಎಂಜಿನ್ನಿನ ಕ್ಷೇಮವನ್ನು ನಿರ್ಧರಿಸುವುದು ಹೀಟ್ ರೇಂಜ್, ಅಂದರೆ ಪ್ಲಗ್ ತನ್ನ ಶಾಖವನ್ನು ಎಷ್ಟು ಬೇಗ ಹೊರಗೆ ದಾಟಿಸುತ್ತದೆ ಎಂಬುದು.

ಸಾಮಾನ್ಯ ಪ್ಲಗ್ಗಿನ ತುದಿಯ ಲೋಹ ನಿಕಲ್ ಮಿಶ್ರಣ. ನಿಕಲ್ 1455 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಪ್ಲಾಟಿನಂ 1768ಕ್ಕೆ, ಇರಿಡಿಯಂ ಸುಮಾರು 2446ಕ್ಕೆ ಕರಗುತ್ತದೆ. ಆದ್ದರಿಂದಲೇ ನಿಕಲ್ ಪ್ಲಗ್ಗಿನ ನಡು ಎಲೆಕ್ಟ್ರೋಡ್ ಸುಮಾರು 2.5 ಮಿ.ಮೀ. ದಪ್ಪವಿರಬೇಕಾಗುತ್ತದೆ, ಇರಿಡಿಯಂ ತುದಿಯನ್ನು 0.4ರಿಂದ 0.6 ಮಿ.ಮೀ.ಗೆ ಇಳಿಸಬಹುದು. ತುದಿ ಸಣ್ಣದಾದಷ್ಟೂ ಕಡಿಮೆ ವೋಲ್ಟೇಜಿಗೆ ಕಿಡಿ ಹಾರುತ್ತದೆ, ಆ ವೋಲ್ಟೇಜ್ ಒದಗಿಸುವ ಕಾಯಿಲ್ ಮೇಲಿನ ಹೊರೆ ತಗ್ಗುತ್ತದೆ. ನಿಕಲ್ ಪ್ಲಗ್ ಬದಲಿಸುವ ಅವಧಿ ಸಾಮಾನ್ಯವಾಗಿ 20ರಿಂದ 40 ಸಾವಿರ ಕಿ.ಮೀ.; ದೀರ್ಘ ಬಾಳಿಕೆಯ ಇರಿಡಿಯಂ ಪ್ಲಗ್ಗಿಗೆ 80 ಸಾವಿರದಿಂದ ಒಂದು ಲಕ್ಷ. ಆದರೆ ಇರಿಡಿಯಂ ಎಂದು ಮಾರುವುದೆಲ್ಲ ಅಷ್ಟು ಬಾಳುವುದಿಲ್ಲ. ಕೆಲವು ಮಾದರಿಗಳಲ್ಲಿ ನಡುವಿನ ತುದಿ ಮಾತ್ರ ಇರಿಡಿಯಂ ಆಗಿದ್ದು, ಎದುರಿನ ಗ್ರೌಂಡ್ ಎಲೆಕ್ಟ್ರೋಡ್ ನಿಕಲ್ಲಿನದೇ ಇರುತ್ತದೆ. ಅದು ಸವೆದಂತೆ ಗ್ಯಾಪ್, ಅಂದರೆ ಎರಡು ಎಲೆಕ್ಟ್ರೋಡುಗಳ ನಡುವಿನ ಅಂತರ, ಹಿಗ್ಗುತ್ತದೆ. ಒಂದೇ ಕಾಯಿಲ್ ಎರಡು ಸಿಲಿಂಡರಿಗೆ ಕಿಡಿ ಕೊಡುವ ಎಂಜಿನ್ನುಗಳಲ್ಲಿ ಎರಡು ಪ್ಲಗ್ಗುಗಳ ಪೈಕಿ ಒಂದರಲ್ಲಿ ಕಿಡಿಯ ದಿಕ್ಕು ತಿರುಗಿರುವುದರಿಂದ ಈ ಸವೆತ ಇನ್ನೂ ಬೇಗ ಕಾಣಿಸುತ್ತದೆ.

ಇರಿಡಿಯಂ ಹಾಕಿಸಿದರೆ ಪಿಕಪ್ ಹೆಚ್ಚುತ್ತದೆಯೇ? ಸುಸ್ಥಿತಿಯಲ್ಲಿರುವ ಎಂಜಿನ್ನಿಗೆ ಅದು ಹೊಸ ಶಕ್ತಿಯನ್ನೇನೂ ಕೊಡುವುದಿಲ್ಲ. ಸವೆದ ಪ್ಲಗ್ ತೆಗೆದು ಹೊಸದು ಹಾಕಿದಾಗ ಮಿಸ್ಸಿಂಗ್ ನಿಂತು ಗಾಡಿ ಹಗುರವಾಗಿ ಓಡುತ್ತದೆ. ಹೊಸ ನಿಕಲ್ ಪ್ಲಗ್ ಹಾಕಿದ್ದರೂ ಅದೇ ಆಗುತ್ತಿತ್ತು.

ಹೆಚ್ಚು ಎಚ್ಚರ ಬೇಕಾದದ್ದು ಹೀಟ್ ರೇಂಜ್ ವಿಷಯದಲ್ಲಿ. ಪ್ಲಗ್ಗಿನ ತುದಿ ಸುಮಾರು 450–500 ಡಿಗ್ರಿ ಮುಟ್ಟಿದರೆ ಮಸಿ ತಾನಾಗಿ ಸುಟ್ಟುಹೋಗುತ್ತದೆ; 850 ಡಿಗ್ರಿ ದಾಟಿ ಬಿಸಿಯಾದರೆ ಕಿಡಿಗೆ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೆ ಅಪಾಯವಾಗಬಹುದು. ಎನ್‌ಜಿಕೆ ಮತ್ತು ಡೆನ್ಸೊ ಪ್ಲಗ್ಗುಗಳಲ್ಲಿ ಹೀಟ್ ರೇಂಜ್ ನಂಬರ್ ಏರಿದಂತೆ ಪ್ಲಗ್ ತಂಪು, ಅಂದರೆ ಶಾಖವನ್ನು ಬೇಗ ಎಂಜಿನ್ನಿನ ಹೆಡ್ಡಿಗೆ (ಪ್ಲಗ್ ಕೂರುವ ಮೇಲ್ಭಾಗಕ್ಕೆ) ದಾಟಿಸುವಂಥದ್ದು. ಬಾಷ್ ಮತ್ತು ಚಾಂಪಿಯನ್ ಎಂಬ ಇನ್ನೊಂದು ಬ್ರ್ಯಾಂಡಿನಲ್ಲಿ ಇದು ತಿರುಗುಮುರುಗು: ನಂಬರ್ ಏರಿದಂತೆ ಪ್ಲಗ್ ಬಿಸಿ. ಎನ್‌ಜಿಕೆಯ 6ಕ್ಕೆ ಡೆನ್ಸೊದಲ್ಲಿ ಹೊಂದುವುದು 20. ಆದ್ದರಿಂದ ಬ್ರ್ಯಾಂಡ್ ಬದಲಿಸುವವರು ಅಂಕಿ ನೋಡಿ ಊಹಿಸದೆ, ಕಂಪನಿಯ ಪಟ್ಟಿಯಲ್ಲಿ ತಮ್ಮ ಕಾರಿನ ಹೆಸರನ್ನೇ ಹುಡುಕಬೇಕು. ಏಪ್ರಿಲ್ ಬಿಸಿಲಿನಲ್ಲಿ, ಎಸಿ ಹಾಕಿ, ತುಂಬಿದ ಕಾರನ್ನು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗದ ಕಡೆಗೆ ವೇಗವಾಗಿ ಓಡಿಸುವವರಿಗೆ ತಪ್ಪು ಪ್ಲಗ್ಗಿನ ಪರಿಣಾಮ ಊರೊಳಗೆ ಓಡಿಸುವವರಿಗಿಂತ ಬೇಗ ತಿಳಿಯುತ್ತದೆ.

ಸಿಎನ್‌ಜಿ ಕಾರುಗಳಲ್ಲಿ ಕಿಡಿ ಹಾರಲು ಹೆಚ್ಚಿನ ವೋಲ್ಟೇಜ್ ಬೇಕು. ಅಲ್ಲಿ ಗ್ಯಾಪ್ ಹಿಗ್ಗಿದ ಪ್ಲಗ್ಗನ್ನು ಬದಲಿಸದೆ ಹಾಗೇ ಓಡಿಸಿದರೆ ಕಾಯಿಲ್ಲಿಗೂ ಖರ್ಚು ಬರುತ್ತದೆ.

ನಮ್ಮ ಭಾಗದ ಧೂಳಿನ ದೃಷ್ಟಿಯಿಂದ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಪ್ಲಗ್ ಬಿಚ್ಚುವ ಮೊದಲು ಅದರ ಕುಳಿಗೆ ಗಾಳಿ ಹೊಡೆಸಲೇಬೇಕು. ಇಲ್ಲದಿದ್ದರೆ ಅಲ್ಲಿ ಕೂತ ಮರಳು ನೇರವಾಗಿ ಸಿಲಿಂಡರಿಗೆ ಬೀಳುತ್ತದೆ. ಎಂಜಿನ್ ತಣ್ಣಗಿರುವಾಗಲೇ ಬಿಚ್ಚಬೇಕು, ಕೈಯಿಂದಲೇ ಥ್ರೆಡ್ ಹಿಡಿಸಬೇಕು. ವಾಷರ್ ಇರುವ 14 ಮಿ.ಮೀ. ಪ್ಲಗ್ಗನ್ನು ಅಲ್ಯೂಮಿನಿಯಂ ಹೆಡ್ಡಿನಲ್ಲಿ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್‌ಗೆ ಬಿಗಿಯಬೇಕು. ಇರಿಡಿಯಂ ತುದಿಗೆ ಗ್ಯಾಪ್ ಅಳೆಯುವ ಗೇಜ್ ತುರುಕಿ ಮೀಟಿದರೆ ಅದು ಮುರಿಯಬಹುದು. ಪೇಟೆಯಲ್ಲಿ ನಕಲಿ ಪ್ಲಗ್ಗುಗಳೂ ಇರುವುದರಿಂದ, ಬೆಲೆ ಅನುಮಾನ ಬರುವಷ್ಟು ಕಡಿಮೆಯಿದ್ದರೆ ಕೊಳ್ಳಬೇಡಿ.

ತೆಗೆದ ಹಳೆಯ ಪ್ಲಗ್ಗುಗಳನ್ನು ಸಿಲಿಂಡರಿನ ಕ್ರಮದಲ್ಲೇ ಜೋಡಿಸಿ ತೋರಿಸುವಂತೆ ಮೆಕ್ಯಾನಿಕ್ಕರನ್ನು ಕೇಳಿ. ತಿಳಿಗಂದು ಬಣ್ಣವಿದ್ದರೆ ದಹನ ಸರಿಯಿದೆ. ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ. ಬೆಳ್ಳಗೆ ಸುಟ್ಟು ಗುಳ್ಳೆಯೆದ್ದಿದ್ದರೆ ಅತಿಯಾಗಿ ಬಿಸಿಯಾಗಿದೆ. ಒಂದು ಪ್ಲಗ್ ಮಾತ್ರ ಎಣ್ಣೆಯಲ್ಲಿ ತೊಯ್ದಿದ್ದರೆ ಆ ಸಿಲಿಂಡರಿನ ರಿಂಗ್ ಅಥವಾ ವಾಲ್ವ್ ಸೀಲ್ ನೋಡಿಸಬೇಕು. ಅಂಥಲ್ಲಿ ದುಬಾರಿ ಪ್ಲಗ್ ಹಾಕಿಸಿದರೂ ಕೆಲವೇ ದಿನಗಳಲ್ಲಿ ಅದೂ ಎಣ್ಣೆ ಹಿಡಿಯುತ್ತದೆ.