ಅಯಾನು ಚಾನೆಲ್ ಬೇರೆ, ಊಟದ ಉಪ್ಪು ಬೇರೆ

ಮೂತ್ರಕೋಶದ ಕ್ಯಾನ್ಸರ್ ಎಂದು ಖಚಿತವಾದ ಮೇಲೆ ಹಾಸನದ ನನ್ನ ಚಿಕಿತ್ಸಾಲಯಕ್ಕೆ ಎರಡನೇ ಸಲ ಬರುವವರಲ್ಲಿ ಹಲವರು ಮೊಬೈಲ್ ಹಿಡಿದೇ ಒಳಗೆ ಬರುತ್ತಾರೆ. ಬೆಂಗಳೂರಿನಲ್ಲಿರುವ ಮಗನೋ ಅಳಿಯನೋ ಕಳಿಸಿದ ಬರಹ ಅದರಲ್ಲಿರುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಚಾನೆಲ್‌ಗಳು ಕ್ಯಾನ್ಸರ್ ಹರಡಲು ನೆರವಾಗುತ್ತವೆ ಎಂಬ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಆ ಸಾಲು ಸುಳ್ಳಲ್ಲ. ಆದರೆ ಅದನ್ನು ನಂಬಿ ಮನೆಯಲ್ಲಿ ಮಾಡಿಕೊಂಡಿರುವ ಪಥ್ಯವನ್ನು ಕೇಳಿದಾಗ ನನಗೆ ತಳಮಳವಾಗುತ್ತದೆ. ಒಬ್ಬರು ಸಾರಿಗೆ ಉಪ್ಪು ಹಾಕುವುದನ್ನೇ ನಿಲ್ಲಿಸಿರುತ್ತಾರೆ. ಇನ್ನೊಬ್ಬರು ಕ್ಯಾಲ್ಸಿಯಂ ಇದೆಯೆಂದು ಹಾಲು, ರಾಗಿ ಮುದ್ದೆ ಎರಡನ್ನೂ ಬಿಟ್ಟು ಬಡಕಲಾಗಿರುತ್ತಾರೆ. ಸಕಲೇಶಪುರದ ಕಡೆಯ ಒಂದು ಮನೆಗೆ ಕ್ಷಾರೀಯ ನೀರು ಕೊಡುವ ಯಂತ್ರ ಬಂದಿತ್ತು. ಆ ವರ್ಷದ ಕಾಫಿ ಮಾರಿದ ಹಣದಲ್ಲಿ ದೊಡ್ಡ ಪಾಲು ಅದಕ್ಕೇ ಹೋಗಿತ್ತು.

ಹಾಗಾಗಿ ಈ ಒಂದು ವಿಷಯವನ್ನು ನಿಧಾನವಾಗಿ ಹೇಳುತ್ತೇನೆ. ಅಯಾನು ಚಾನೆಲ್ ಎಂದರೆ ಉಪ್ಪಲ್ಲ, ಖನಿಜವೂ ಅಲ್ಲ. ಅದು ಜೀವಕೋಶದ ಪೊರೆಯಲ್ಲಿ ಕೂತಿರುವ ಒಂದು ಪ್ರೋಟೀನು. ಅದರ ನಡುವೆ ಸಣ್ಣ ರಂಧ್ರವಿರುತ್ತದೆ. ಆ ರಂಧ್ರ ತೆರೆದಾಗ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಥವಾ ಕ್ಲೋರೈಡಿನ ಅಯಾನುಗಳು, ಅಂದರೆ ವಿದ್ಯುದಾವೇಶವಿರುವ ಕಣಗಳು, ಹಾದುಹೋಗುತ್ತವೆ, ಮುಚ್ಚಿದಾಗ ನಿಲ್ಲುತ್ತವೆ. ಕೆರೆಯ ತೂಬು ಕೆಟ್ಟು ಹೊತ್ತಲ್ಲದ ಹೊತ್ತಿನಲ್ಲಿ ಗದ್ದೆಗೆ ನೀರು ನುಗ್ಗುತ್ತಿದ್ದರೆ ತೂಬನ್ನು ಸರಿಪಡಿಸಬೇಕೇ ಹೊರತು ಮಳೆ ನಿಲ್ಲಲಿ ಎಂದು ಹರಕೆ ಹೊರುವುದಿಲ್ಲ. ಕ್ಯಾನ್ಸರ್ ಕೋಶದಲ್ಲಿ ಕೆಟ್ಟಿರುವುದು ತೂಬು. ಚಾನೆಲ್‌ಗಳ ಸಂಖ್ಯೆ ಹೆಚ್ಚಾಗಿರಬಹುದು, ಕಡಿಮೆಯಾಗಿರಬಹುದು, ತೆರೆಯಬಾರದ ಸಮಯದಲ್ಲಿ ತೆರೆಯುತ್ತಿರಬಹುದು. ಊಟದಲ್ಲಿ ಉಪ್ಪು ಬಿಟ್ಟರೆ ಇದ್ಯಾವುದೂ ಸರಿಹೋಗುವುದಿಲ್ಲ.

ಯಾಕೆಂದರೆ ನೀವು ಎಷ್ಟು ತಿಂದರೂ ಎಷ್ಟು ಬಿಟ್ಟರೂ ರಕ್ತದಲ್ಲಿ ಇವುಗಳ ಪ್ರಮಾಣವನ್ನು ನೆಟ್ಟಗಿರುವ ಮೂತ್ರಪಿಂಡಗಳು ಕಾಯ್ದುಕೊಳ್ಳುತ್ತವೆ. ರಕ್ತದ ಪೊಟ್ಯಾಸಿಯಂ ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್‌ಗಳ ನಡುವೆ ಇರುತ್ತದೆ. ಕೋಶದ ಒಳಗೆ ಅದು 140ರ ಆಸುಪಾಸು. ಸೋಡಿಯಂ ಇದಕ್ಕೆ ತದ್ವಿರುದ್ಧ, ಹೊರಗೆ ಹೆಚ್ಚು, ಒಳಗೆ ಕಡಿಮೆ. ರಕ್ತ ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂದು ಹೇಳುವ ಪಿಎಚ್ 7.35ರಿಂದ 7.45ರ ಒಳಗೇ ನಿಲ್ಲುತ್ತದೆ. ಕ್ಷಾರೀಯ ನೀರು ಹೊಟ್ಟೆಗಿಳಿದ ಕೂಡಲೇ ಅಲ್ಲಿನ ಆಮ್ಲದೊಡನೆ ಸೇರಿ ಹೋಗುತ್ತದೆ. ಗಡ್ಡೆಯ ಕೋಶದ ಪೊರೆಯಲ್ಲಿರುವ ಪ್ರೋಟೀನಿಗೆ ಆ ಯಂತ್ರದ ಸುದ್ದಿಯೂ ಮುಟ್ಟುವುದಿಲ್ಲ.

ಹಾಗಾದರೆ ಸಂಶೋಧಕರು ಯಾಕೆ ಇವುಗಳ ಹಿಂದೆ ಬಿದ್ದಿದ್ದಾರೆ? ಮೂತ್ರಕೋಶ ತುಂಬಿತು ಎಂದು ನಮಗೆ ತಿಳಿಯುವುದರಲ್ಲೇ ಈ ಪ್ರೋಟೀನುಗಳ ಕೈವಾಡವಿದೆ. ಒಳಪದರ ಹಿಗ್ಗಿದಾಗ ಪೀಜೋ ಎಂಬ ಚಾನೆಲ್‌ಗಳು ಅದನ್ನು ಗ್ರಹಿಸುತ್ತವೆ. ಟಿಆರ್‌ಪಿವಿ1 ಎಂಬ ಇನ್ನೊಂದು, ಬಿಸಿಗೂ ಮೆಣಸಿನಕಾಯಿಯ ಖಾರಕ್ಕೂ ಸ್ಪಂದಿಸುವಂಥದ್ದು. ಈ ಎರಡನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಮೂತ್ರಕೋಶದ ಗಡ್ಡೆಗಳನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಕಾಯಿಲೆ ಉಗ್ರವಾದಂತೆ ಟಿಆರ್‌ಪಿವಿ1 ಕಡಿಮೆಯಾಗುವುದೂ ಅದೇ ಬಳಗದ ಟಿಆರ್‌ಪಿವಿ2 ಹೆಚ್ಚುವುದೂ ಕಂಡಿದೆ. ಟಿಆರ್‌ಪಿಎಂ7 ಎಂಬುದು ಕ್ಯಾನ್ಸರ್ ಕೋಶಗಳು ಜಾಗ ಬಿಟ್ಟು ಚಲಿಸಲು ನೆರವಾಗುವಂತೆ ತೋರುತ್ತದೆ. ಕೋಶದೊಳಗೆ ಕ್ಯಾಲ್ಸಿಯಂ ಏರಿಳಿಯುವುದೇ ಎಷ್ಟೋ ಕೆಲಸಗಳಿಗೆ ಆಜ್ಞೆ. ವಿಭಜನೆ, ಚಲನೆ, ಸಾವು ಎಲ್ಲಕ್ಕೂ ಅದರ ನಂಟಿದೆ. ಇವು ಬಹುಪಾಲು ಪ್ರಯೋಗಶಾಲೆಯ ಮಾತುಗಳು. ಮುಂದೆ ಇವುಗಳಿಂದ ಔಷಧ ಬಂದೀತು ಎಂಬ ಆಸೆ ನನಗೂ ಇದೆ. ಆದರೆ ಇದೇ ಬಗೆಯ ಚಾನೆಲ್‌ಗಳು ಹೃದಯದಲ್ಲೂ ನರಗಳಲ್ಲೂ ದುಡಿಯುತ್ತಿರುತ್ತವೆ. ಹರ್ಗ್ ಎಂಬ ಪೊಟ್ಯಾಸಿಯಂ ಚಾನೆಲನ್ನು ತಡೆಯುವ ಮದ್ದು ಎದೆಬಡಿತದ ಲಯವನ್ನೇ ಕೆಡಿಸಬಹುದು. ಗಡ್ಡೆಯ ಚಾನೆಲನ್ನು ಮುಚ್ಚಿ ಹೃದಯದ್ದನ್ನು ಮುಟ್ಟದಿರುವುದು ಸುಲಭದ ಕೆಲಸವಲ್ಲ.

ಅಮ್ಲೋಡಿಪಿನ್ ಬಗ್ಗೆಯೂ ಹೇಳಲೇಬೇಕು. ಇದು ರಕ್ತದೊತ್ತಡಕ್ಕೆ ನಮ್ಮ ಜಿಲ್ಲೆಯಲ್ಲಿ ಅದೆಷ್ಟೋ ಮಂದಿ ನುಂಗುವ ಮಾತ್ರೆ. ರಕ್ತನಾಳದ ಸ್ನಾಯುವಿನ ಕ್ಯಾಲ್ಸಿಯಂ ಚಾನೆಲನ್ನು ತಡೆದು ಒತ್ತಡ ಇಳಿಸುತ್ತದೆ. ಚಾನೆಲ್ ಎಂಬ ಪದ ಕಂಡಿದ್ದೇ ತಡ, ಕೆಲವರು ಹೆದರಿ ಅದನ್ನು ನಿಲ್ಲಿಸುತ್ತಾರೆ. ಇನ್ನು ಕೆಲವರು ಕ್ಯಾನ್ಸರಿಗೂ ಆಗುತ್ತದೆಂದು ಎರಡೆರಡು ನುಂಗುತ್ತಾರೆ. ಎರಡೂ ಬೇಡ. ಶಸ್ತ್ರಚಿಕಿತ್ಸೆಯ ದಿನ ಒತ್ತಡ 200 ಮುಟ್ಟಿದ್ದರೆ ಅರಿವಳಿಕೆ ವೈದ್ಯರು ವಾಪಸು ಕಳಿಸುತ್ತಾರೆ, ಗಡ್ಡೆ ಅಲ್ಲೇ ಉಳಿಯುತ್ತದೆ.

ಅರಸೀಕೆರೆ ಕಡೆಯ ತೆಂಗಿನ ತೋಟದ ಯಜಮಾನರೊಬ್ಬರು ಇದ್ದರು. ಎಲ್ಲರಂತೆ ಉಪ್ಪು ಬಿಡಲಿಲ್ಲ ಅವರು. ಪೊಟ್ಯಾಸಿಯಂ ಚಾನೆಲ್ ಕೆಟ್ಟಿದೆ ಎಂದರೆ ಪೊಟ್ಯಾಸಿಯಂ ತುಂಬಬೇಕು ಎಂದು ಲೆಕ್ಕ ಹಾಕಿದರು. ಎಳನೀರಿನಲ್ಲಿ ಅದು ಹೇರಳ, ತೋಟ ಮನೆಯದೇ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕೆತ್ತಿಸಿ ಕುಡಿದರು. ಅವರ ಗಡ್ಡೆ ಮೂತ್ರಕೋಶದ ಬುಡದಲ್ಲಿತ್ತು. ಎರಡೂ ಮೂತ್ರನಾಳಗಳ ಬಾಯಿ ಕಟ್ಟಿಕೊಂಡು ಮೂತ್ರಪಿಂಡಗಳು ಊದಿಕೊಂಡಿದ್ದವು. ಹೊರಗೆ ಹೋಗಬೇಕಾದ ಪೊಟ್ಯಾಸಿಯಂ ಒಳಗೇ ಕೂತಿತು. ಮಗ ಕಾರಿನಲ್ಲಿ ಕರೆತಂದಾಗ ಕಾಲೆತ್ತಲು ಬಲವಿರಲಿಲ್ಲ, ಇಸಿಜಿಯಲ್ಲಿ ಗೆರೆ ಚೂಪಾಗಿ ಎದ್ದಿತ್ತು. ಹೃದಯ ಯಾವ ಕ್ಷಣದಲ್ಲಾದರೂ ನಿಲ್ಲಬಹುದಾದ ಸ್ಥಿತಿ ಅದು. ರಾತ್ರಿಯೇ ಬೆನ್ನಿನ ಕಡೆಯಿಂದ ಮೂತ್ರಪಿಂಡಗಳಿಗೆ ನಳಿಕೆ ಇಳಿಸಿದೆವು, ಉಳಿದರು. ‘ಎಳನೀರು ತಂಪಲ್ಲವೇ ಡಾಕ್ಟರೇ, ಅದರಿಂದ ಹೇಗೆ ಹೀಗಾಯಿತು?’ ಎಂದು ಅವರ ಹೆಂಡತಿ ಕೇಳಿದಾಗ ಅವರ ಮೇಲೆ ಸಿಟ್ಟು ಮಾಡಲು ಮನಸ್ಸು ಬರಲಿಲ್ಲ. ‘ಮೂತ್ರಪಿಂಡ ನೆಟ್ಟಗಿರುವವರಿಗೆ ತಂಪೇ ಅಮ್ಮ. ಯಜಮಾನರಿಗೆ ಸದ್ಯಕ್ಕೆ ಬೇಡ’ ಎಂದೆ. ಅವರು ಮರುಮಾತಾಡದೆ ತಲೆಯಾಡಿಸಿದರು.

ನನಗೆ ನಿಜವಾಗಿ ನೋವಾಗುವುದು ಇನ್ನೊಂದಕ್ಕೆ. ಯಂತ್ರ ಕೊಂಡವರೂ ರಾಗಿ ಬಿಟ್ಟವರೂ ಬೀಡಿ ಬಿಟ್ಟಿರುವುದಿಲ್ಲ. ಈ ಕ್ಯಾನ್ಸರಿನ ದೊಡ್ಡ ಕಾರಣ ತಂಬಾಕಿನ ಹೊಗೆ. ಅದರ ರಾಸಾಯನಿಕಗಳು ಮೂತ್ರದಲ್ಲಿ ಬಂದು ಗಂಟೆಗಟ್ಟಲೆ ಒಳಪದರಕ್ಕೆ ತಾಗಿಕೊಂಡಿರುತ್ತವೆ. ಇದನ್ನು ಹೇಳಿದರೆ ‘ದಿನಕ್ಕೆ ನಾಲ್ಕೇ ಡಾಕ್ಟರೇ’ ಎನ್ನುತ್ತಾರೆ.

ಚಿಕಿತ್ಸೆ ಇಲ್ಲವೆಂದೂ ಅಲ್ಲ. ಪತ್ತೆಯಾಗುವ ಹೊತ್ತಿಗೆ ನಾಲ್ಕರಲ್ಲಿ ಸುಮಾರು ಮೂರು ಪಾಲು ಗಡ್ಡೆಗಳು ಸ್ನಾಯುವಿನ ಪದರಕ್ಕೆ ಇಳಿದಿರುವುದಿಲ್ಲ. ಅವನ್ನು ಮೂತ್ರ ಹೊರಬರುವ ದಾರಿಯಿಂದಲೇ ಕೊಳವೆ ಹಾಕಿ ಕೆರೆದು ತೆಗೆಯುತ್ತೇವೆ. ಮರುಕಳಿಸುವ ಅಪಾಯ ಹೆಚ್ಚಿರುವವರಿಗೆ ವಾರಕ್ಕೊಮ್ಮೆಯಂತೆ ಆರು ವಾರ ಬಿಸಿಜಿಯನ್ನು ಮೂತ್ರಕೋಶದೊಳಗೆ ಬಿಡುತ್ತೇವೆ. ಕ್ಷಯಕ್ಕೆ ಮಕ್ಕಳಿಗೆ ಹಾಕುವ ಲಸಿಕೆಯದ್ದೇ ಜೀವಾಣು ಅದು. ಮೂತ್ರಕೋಶಕ್ಕೆ ಅದರ ಬಳಕೆಯ ಮೊದಲ ವರದಿ ಬಂದದ್ದು 1976ರಲ್ಲಿ. ಕ್ಯಾನ್ಸರ್ ಸ್ನಾಯುವಿಗೆ ಇಳಿದಿದ್ದರೆ ದಾರಿ ಬೇರೆ, ಅದನ್ನು ಎದುರು ಕೂತೇ ಮಾತಾಡಬೇಕು. ಗಡ್ಡೆ ತೆಗೆದ ಮೂರು ತಿಂಗಳಿಗೆ ಸಿಸ್ಟೋಸ್ಕೋಪಿ, ಅಂದರೆ ಕೊಳವೆ ಹಾಕಿ ಮೂತ್ರಕೋಶದ ಒಳಗನ್ನು ನೋಡುವ ಪರೀಕ್ಷೆ, ಕಡ್ಡಾಯ. ಮೂತ್ರದಲ್ಲಿ ಕಂಡ ರಕ್ತ ತಾನಾಗಿ ನಿಂತಿತೆಂದು, ನೋವಿಲ್ಲವೆಂದು, ಉಷ್ಣವಿರಬೇಕೆಂದು ಆ ದಿನವನ್ನು ಮುಂದೂಡುವವರು ಎಷ್ಟೋ ಸಲ ಮತ್ತೆ ಬೆಳೆದ ಗಡ್ಡೆಯೊಡನೆ ಬರುತ್ತಾರೆ.

ಬರುವಾಗ ಮೊಬೈಲಿನ ಬರಹವನ್ನು ಧಾರಾಳವಾಗಿ ತನ್ನಿ, ಜೊತೆಯಲ್ಲಿ ಓದೋಣ. ಅದರೊಡನೆ ಮನೆಯಲ್ಲಿ ನುಂಗುತ್ತಿರುವ ಪ್ರತಿ ಮಾತ್ರೆ, ಪುಡಿ, ಕಷಾಯದ ಡಬ್ಬವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ರಕ್ತದ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಎಷ್ಟಿದೆ ಎಂದು ನೋಡುವ ತನಕ ಊಟದಲ್ಲಿ ಏನನ್ನೂ ಹೊಸದಾಗಿ ಸೇರಿಸಬೇಡಿ, ಬಿಡಲೂ ಬೇಡಿ. ಬೀಡಿಯೊಂದನ್ನು ಮಾತ್ರ ಇವತ್ತೇ ಬಿಡಬಹುದು, ಅದಕ್ಕೆ ಯಾವ ಪರೀಕ್ಷೆಯ ವರದಿಯೂ ಬೇಕಿಲ್ಲ.